ಹಳೆಯ ಮನೆಗೆ ಹೊಸ ತಂತಿ

ಚಾಮರಾಜನಗರದ ಹಳೆಯ ಬೀದಿಗಳಲ್ಲಿಯೂ ಗುಂಡ್ಲುಪೇಟೆಯ ಪೇಟೆಬೀದಿಗಳಲ್ಲಿಯೂ ನಡೆದುಹೋಗುವವರಿಗೆ ಜಗಲಿ, ಪಡಸಾಲೆ, ತೊಟ್ಟಿ, ನಡುಮನೆಗಳಿಂದ ಕೂಡಿದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಇವುಗಳನ್ನು ಕಟ್ಟಿದವರು ಎಣ್ಣೆಯ ದೀಪವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು. ವಿದ್ಯುಚ್ಛಕ್ತಿ ಆಮೇಲೆ ಬಂದ ಅತಿಥಿ. ಅತಿಥಿ ಈಗ ಮನೆಯ ಯಜಮಾನನೇ ಆಗಿದ್ದಾನೆ. ಆದರೆ ಅವನಿಗೆಂದು ಹಿಂದೆ ಹಾಸಿದ ತಂತಿಯ ದಾರಿ ಮಾತ್ರ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಈ ದಾರಿಯನ್ನು ಹೊಸದಾಗಿ ಹಾಸುವುದಕ್ಕೆ ಮೊದಲು ಏನೇನನ್ನು ಯೋಚಿಸತಕ್ಕದ್ದು ಎಂಬುದೇ ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವ ವಿಷಯ.

ನಮ್ಮ ಸೀಮೆಗೆ ಈ ಶಕ್ತಿಯ ಪರಿಚಯ ಹೊಸದಲ್ಲ. ಕಾವೇರಿಯು ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಊರೂರಿಗೂ ಮನೆಮನೆಗೂ ಅದು ಹಬ್ಬಿದ್ದು ನಿಧಾನವಾಗಿ. ಹಾಗೆ ಬಂದಾಗ ಒಂದು ಮನೆಗೆ ನಾಲ್ಕಾರು ದೀಪ, ಒಂದು ರೇಡಿಯೋ, ಹೆಚ್ಚೆಂದರೆ ಒಂದು ಫ್ಯಾನು, ಇಷ್ಟೇ ಕೆಲಸ. ತೇಗದ ಪಟ್ಟಿಯ ಮೇಲೆ ಮೊಳೆ ಹೊಡೆದು ಓಡಿಸಿದ ತಂತಿ ಅದಕ್ಕೆ ಧಾರಾಳವಾಗಿ ಸಾಕಾಗಿತ್ತು.

ಇಂದಿನ ಲೆಕ್ಕ ಬೇರೆ. ಒಂದು ಸಾಧಾರಣ ತೊಟ್ಟಿಮನೆಯನ್ನು ಊಹಿಸಿಕೊಳ್ಳೋಣ. 9 ವಾಟಿನ ಹನ್ನೆರಡು ದೀಪಗಳಿಗೆ 108 ವಾಟು, ಐದು ಫ್ಯಾನುಗಳಿಗೆ 375, ಫ್ರಿಜ್ಜಿಗೆ 200, ಟೆಲಿವಿಷನ್ನಿಗೆ 100, ಮಿಕ್ಸಿಗೆ 750, ಇಸ್ತ್ರಿಪೆಟ್ಟಿಗೆಗೆ 1000, ಬಚ್ಚಲುಮನೆಯ ಗೀಸರಿಗೆ 2000, ನೀರಿನ ಪಂಪಿಗೆ ಸುಮಾರು 1000. ಒಟ್ಟು ಐದೂವರೆ ಕಿಲೋವಾಟು. ಇವೆಲ್ಲವೂ ಒಂದೇ ಗಳಿಗೆಯಲ್ಲಿ ನಡೆಯುವುದಿಲ್ಲವೆಂಬುದು ನಿಜ. ಆದರೂ 230 ವೋಲ್ಟಿನಲ್ಲಿ ಗೀಸರೊಂದೇ ಎಂಟೂಮುಕ್ಕಾಲು ಆಂಪಿಯರಿನಷ್ಟು ಪ್ರವಾಹವನ್ನು ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಸಾರವಾಗಿ ಏರುವುದು. ಎಂದರೆ ಪ್ರವಾಹ ಎರಡು ಆಂಪಿಯರಿನಿಂದ ಎಂಟಕ್ಕೆ ಏರಿದರೆ ಕಾವು ನಾಲ್ಕು ಮಡಿಯಲ್ಲ, ಹದಿನಾರು ಮಡಿ. ದೀಪಕ್ಕೆಂದು ಎಳೆದ ತಂತಿಗೆ ಗೀಸರನ್ನು ತಗುಲಿಸಿದವರು ಈ ಹದಿನಾರು ಮಡಿಯನ್ನು ಮರೆತಿರುತ್ತಾರೆ. ತಂತಿ ಒಮ್ಮೆಗೇ ಸುಡಲಾರದು. ವರ್ಷಗಟ್ಟಲೆ ಕಾದು, ಮೇಲಿನ ರಬ್ಬರು ಒಣಗಿ ಬಿರಿದು, ಒಂದು ದಿನ ಕೈಗೊಡುತ್ತದೆ. ಸುತ್ತಲೂ ಮರದ ತೊಲೆ ಜಂತೆಗಳಿರುವ ಮನೆಯಲ್ಲಿ ಅದರ ಫಲವೇನೆಂದು ಹೇಳಬೇಕಾದ್ದಿಲ್ಲ.

ಆದುದರಿಂದ ಮೊದಲ ಕೆಲಸ ಕಾಗದದ ಮೇಲಿನದು. ಮನೆಯ ನಕ್ಷೆಯೊಂದನ್ನು ಬರೆದು, ಯಾವ ಕೋಣೆಯಲ್ಲಿ ಯಾವ ದೀಪ, ಯಾವ ಪ್ಲಗ್ಗು ಎಂಬುದನ್ನು ಗುರುತಿಸಿ, ಮೇಲಿನಂತೆ ಲೆಕ್ಕ ಹಾಕಬೇಕು. ಅಡುಗೆಮನೆಗೂ ಗೀಸರಿಗೂ ಪಂಪಿಗೂ ಬೇರೆ ಬೇರೆ ಸರ್ಕ್ಯೂಟುಗಳಿರಲಿ. ದೀಪಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಗೀಸರಿನಂಥವುಗಳಿಗೆ 4 ಚದರ ಮಿಲಿಮೀಟರಿನದು ವಾಡಿಕೆ. ಹಳೆಯದು ಅಲ್ಯೂಮಿನಿಯಮ್ ತಂತಿಯಾಗಿದ್ದರೆ ಅದಕ್ಕೆ ತಾಮ್ರವನ್ನು ಹೊಸೆದು ಮುಂದುವರಿಸುವುದು ತರವಲ್ಲ. ಆ ಕೂಡಿಕೆ ಕಾಲಕ್ರಮದಲ್ಲಿ ಕಿಲುಬುಗಟ್ಟಿ ಸಡಿಲವಾಗುತ್ತದೆ. ಒಟ್ಟು ಲೆಕ್ಕವು ಮಂಜೂರಾದ ಲೋಡನ್ನು ಮೀರುವುದಾದರೆ, ಕೆಲಸ ಹಿಡಿಯುವ ಮುನ್ನವೇ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಗೆ ಅರ್ಜಿ ಕೊಡತಕ್ಕದ್ದು.

ಎರಡನೆಯದು ಗೋಡೆಯ ವಿಚಾರ. ಹೊಸ ಮನೆಗಳಲ್ಲಿ ಗೋಡೆಯನ್ನು ಕೊರೆದು ಕೊಳವೆ ಹುದುಗಿಸುವುದುಂಟು. ಮಣ್ಣಿನ ಗೋಡೆಗೆ ಈ ಉಪಾಯವನ್ನು ಹೂಡುವುದು ಅವಿವೇಕ. ಭಾರ ಹೊತ್ತ ಮಣ್ಣುಗೋಡೆಯಲ್ಲಿ ಅಡ್ಡಲಾಗಿ ಗಾಡಿ ತೋಡಿದರೆ ಗೋಡೆಯೇ ಬಲಗುಂದುವುದು. ಗೋಡೆಯ ಮೇಲೆಯೇ ಪಿವಿಸಿ ಪಟ್ಟಿಯೊಳಗೆ ತಂತಿಯನ್ನು ಓಡಿಸುವುದು ನೋಟಕ್ಕೆ ಸ್ವಲ್ಪ ಕಡಿಮೆಯಾದರೂ ಮನೆಗೆ ಕ್ಷೇಮ. ಮುಂದೆ ದುರಸ್ತಿಗೂ ಸುಲಭ. ಹೆಂಚಿನ ಕೆಳಗೆ, ಅಟ್ಟದ ಮೇಲೆ ತಂತಿಯನ್ನು ಬರಿದೇ ಬಿಡಲಾಗದು. ಅಲ್ಲಿ ಇಲಿಗಳ ರಾಜ್ಯ. ಕೊಳವೆಯೊಳಗೇ ಇರತಕ್ಕದ್ದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಜೀವರಕ್ಷಣೆಯ ವಿಚಾರ. ಹಳೆಯ ಮನೆಗಳ ಪ್ಲಗ್ಗುಗಳಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ಅರ್ತಿನ ತಂತಿಯೇ ಇರದಿರುವುದುಂಟು. ಆಗ ಗೀಸರಿನ ಲೋಹದ ಮೈಗೆ ವಿದ್ಯುತ್ತು ಸೋರಿದರೆ, ಒದ್ದೆಗಾಲಿನಲ್ಲಿ ಅದನ್ನು ಮುಟ್ಟಿದವರ ಮೈಯೇ ಅರ್ತಿನ ತಂತಿಯಾಗುತ್ತದೆ. ಎಂಸಿಬಿ ಇದೆಯಲ್ಲ ಎಂದು ಕೆಲವರು ಸಮಾಧಾನ ಪಡುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಅರ್ತಿನ ಗುಂಡಿ ಚೆನ್ನಾಗಿಯೇ ಇದ್ದು ಅದರ ತಡೆ 5 ಓಮ್ ಎಂದಿಟ್ಟುಕೊಂಡರೂ, ಸೋರಿಕೆಯಾದಾಗ ಹರಿಯುವ ಪ್ರವಾಹ 46 ಆಂಪಿಯರು ಮಾತ್ರ. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ತತ್‌ಕ್ಷಣ ಬೀಳಬೇಕೆಂಬ ನಿಯಮವಿಲ್ಲ. ಈ ಕೊರತೆಯನ್ನು ತುಂಬುವುದೇ ಆರ್‌ಸಿಸಿಬಿ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿವೆಯೇ ಎಂಬುದನ್ನು ಅದು ಸದಾ ತೂಗುತ್ತಿರುತ್ತದೆ; 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಒಳ್ಳೆಯ ಅರ್ತೂ ಈ ಉಪಕರಣವೂ ಎರಡೂ ಬೇಕು. ಒಂದಿದ್ದರೆ ಮತ್ತೊಂದು ಬೇಡವೆಂದಲ್ಲ. ಮಳೆ ಕಡಿಮೆಯಾದ ನಮ್ಮ ಬಯಲಿನಲ್ಲಿ ಬೇಸಗೆಗೆ ನೆಲ ಒಣಗಿದರೆ ಅರ್ತಿನ ತಡೆ ಏರುವುದರಿಂದ ಗುಂಡಿಗೆ ಆಗಾಗ ನೀರೆರೆಯುವುದನ್ನೂ ಮರೆಯಲಾಗದು.

ಭಾಗವಾದ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಅಣ್ಣತಮ್ಮಂದಿರು ನಡುವೆ ಗೋಡೆಯೆಬ್ಬಿಸಿ ಮೀಟರುಗಳನ್ನು ಬೇರೆ ಮಾಡಿಕೊಂಡಿರುತ್ತಾರೆ. ನ್ಯೂಟ್ರಲ್ ತಂತಿ ಮಾತ್ರ ಎಲ್ಲಿಯೋ ಅಟ್ಟದ ಮೇಲೆ ಒಂದಾಗಿಯೇ ಇರುತ್ತದೆ. ಇಂಥ ಮನೆಗೆ ಆರ್‌ಸಿಸಿಬಿ ಹಾಕಿದರೆ ಅದು ಪದೇ ಪದೇ ಬೀಳುವುದು. ಆಗ ಬೇಸರದಿಂದ ಆ ಉಪಕರಣವನ್ನೇ ಕಿತ್ತುಹಾಕುವವರುಂಟು. ಕಾವಲುಗಾರ ಕೂಗಿದನೆಂದು ಅವನನ್ನೇ ಓಡಿಸಿದಂತಾಯಿತು. ಎರಡು ಮನೆಯವರೂ ಒಟ್ಟಿಗೆ ಕುಳಿತು ನ್ಯೂಟ್ರಲ್ಲನ್ನು ಬೇರ್ಪಡಿಸಿಕೊಳ್ಳುವುದೇ ಸರಿಯಾದ ದಾರಿ.

ಕೆಲಸದ ಕಾಲಕ್ರಮವನ್ನೂ ನಿಶ್ಚಯಿಸಿಕೊಳ್ಳಬೇಕು. ಮೇ ತಿಂಗಳ ಗುಡುಗುಮಳೆಗೆ ಮೊದಲು, ಮಾಘ ಫಾಲ್ಗುಣಗಳ ಒಣಹವೆ ಅನುಕೂಲ. ಮೊದಲು ಅರ್ತು ಮತ್ತು ಹೊಸ ಬೋರ್ಡು. ಆಮೇಲೆ ಬಚ್ಚಲುಮನೆ, ಅಡುಗೆಮನೆ. ಕೊನೆಗೆ ಪಡಸಾಲೆ, ಕೋಣೆಗಳು. ಹಣ ಸಾಲದಿದ್ದರೆ ಈ ಕ್ರಮದಲ್ಲಿಯೇ ಎರಡು ಕಂತುಗಳಾಗಿ ಮಾಡಬಹುದು; ಆದರೆ ಅಂದದ ಸ್ವಿಚ್ಚುಗಳಿಗೆ ಹಣ ಸುರಿದು ಅರ್ತನ್ನು ಮುಂದಿನ ವರ್ಷಕ್ಕೆ ಬಿಡುವುದು ತಲೆಕೆಳಗಾದ ಯೋಜನೆ. ಲೈಸೆನ್ಸುಳ್ಳ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಮುಗಿದ ಮೇಲೆ 500 ವೋಲ್ಟಿನ ಮೆಗ್ಗರಿನಿಂದ ತಂತಿಗಳ ಹೊದಿಕೆಯನ್ನು ಪರೀಕ್ಷಿಸಲು ಕೇಳಬೇಕು. ಅದರ ತಡೆ ಒಂದು ಮೆಗಾಓಮಿಗಿಂತ ಕಡಿಮೆಯಾಗಿದ್ದರೆ ಕೆಲಸವನ್ನು ಒಪ್ಪಿಕೊಳ್ಳಬಾರದು. ಆರ್‌ಸಿಸಿಬಿಯ ಪರೀಕ್ಷೆಯ ಗುಂಡಿಯನ್ನು ಆಗಾಗ್ಗೆ ಒತ್ತಿ ನೋಡುತ್ತಿರಬೇಕು.

ಕಡೆಯದಾಗಿ, ಮೊದಲು ಬರೆದ ನಕ್ಷೆಯನ್ನು ಕೆಲಸ ಮುಗಿದ ರೀತಿಗೆ ತಿದ್ದಿ, ಮನೆಯ ಪತ್ರಗಳ ಜೊತೆಯಲ್ಲಿ ಇಡಿರಿ. ಹಿರಿಯರು ಕಟ್ಟಿದ ಮನೆಯನ್ನು ನಾವು ಕಾಪಾಡಿಕೊಂಡು ಬಂದೆವು. ಅದರ ತಂತಿಯ ದಾರಿ ಯಾವುದೆಂದು ಮುಂದೆ ಆ ಮನೆಯಲ್ಲಿ ಬಾಳುವವರು ಕತ್ತಲಲ್ಲಿ ತಡಕಾಡುವಂತೆ ಆಗಬಾರದು.