ಹರಪನಹಳ್ಳಿ ಹೊಲಕ್ಕೆ ಅಮೆರಿಕದಲ್ಲಿ ತೆರಿಗೆ!

ಡಲ್ಲಾಸ್‌ನಲ್ಲಿ ಎಚ್‌-1ಬಿ ಮೇಲೆ ಕೆಲಸ ಮಾಡ್ತಿರೋ ನಮ್ಮೂರ ಹುಡುಗನಿಗೆ ಉಚ್ಚಂಗಿದುರ್ಗದ ಹತ್ತಿರದ ಮೆಕ್ಕೆಜೋಳದ ಹೊಲವೇ ‘ವಿದೇಶಿ ಆಸ್ತಿ’. ತಮಾಷೆ ಅಲ್ಲ, ಅಲ್ಲಿನ ತೆರಿಗೆ ಇಲಾಖೆ ನೋಡೋದೇ ಹಾಗೆ.

ಹೊಲ ನಿಮ್ಮ ಹೆಸರಲ್ಲಿದೆ, ಗುತ್ತಿಗೆಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ತೆರಿಗೆ ಲೆಕ್ಕಕ್ಕೆ ನೀವು ಅಮೆರಿಕದ ನಿವಾಸಿಯಾಗಿದ್ದರೆ, ಆ ಗುತ್ತಿಗೆ ಹಣವನ್ನೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಲೇಬೇಕು. ಇಲ್ಲಿ ತೆರಿಗೆ ಕಟ್ಟಿದ್ದರೆ ಅಲ್ಲಿ ಕಳೆಯಬಹುದಿತ್ತು. ಕಟ್ಟೇ ಇಲ್ಲವಲ್ಲ, ಕಳೆಯೋದೇನು?

ಹೊಲಕ್ಕಿಂತ ಹೆಚ್ಚು ತಲೆನೋವು ಬ್ಯಾಂಕ್ ಖಾತೆಯದ್ದು. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಸಲ್ಲಿಸಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತೆ. ಅಪ್ಪಾಜಿ ನಿಮ್ಮ ಹೆಸರಲ್ಲಿ ಸದ್ದಿಲ್ಲದೆ ಎಫ್‌ಡಿ ಇಟ್ಟಿರ್ತಾರೆ, ಫೋನ್ ಮಾಡಿ ಕೇಳಿಬಿಡಿ.

ಊರಿಗೆ ವಾಪಸ್ ಬಂದರೆ ಲೆಕ್ಕ ಉಲ್ಟಾ. ಈಗ ಡಲ್ಲಾಸ್ ಮನೆ ವಿದೇಶಿ ಆಸ್ತಿ. ಇಲ್ಲಿ ‘ಸಾಮಾನ್ಯ ನಿವಾಸಿ’ ಆದ ವರ್ಷದಿಂದ, ಮನೆ ಖಾಲಿ ಬಿದ್ದಿದ್ದರೂ, ಐಟಿಆರ್‌-2ರ ಶೆಡ್ಯೂಲ್ ಎಫ್‌ಎನಲ್ಲಿ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ವಿದೇಶಿ ಖಾತೆ, ಷೇರುಗಳಿಗೆ ಈ ದಂಡದಿಂದ ವಿನಾಯಿತಿ ಇದೆ. ಮನೆ, ಜಮೀನಿಗೆ ಇಲ್ಲ.