ಸಕ್ರಿ ಎರಡು ಚೀಲ, ಎಣ್ಣಿ ಹೋದ ಸಲದ್ದ

ಹುಬ್ಬಳ್ಳಿ ಪೇಟೆಯಲ್ಲಿ ಒಂದು ಸಗಟು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ. ಬೆಳಗ್ಗೆ ಶಟರ್ ಎತ್ತುವ ಮೊದಲೇ ಸುತ್ತಲಿನ ಊರುಗಳ ಅಂಗಡಿಕಾರರ ಆರ್ಡರುಗಳು ಮಾಲೀಕರ ವಾಟ್ಸ್‌ಆ್ಯಪ್‌ಗೆ ಬಂದು ಕೂತಿರುತ್ತವೆ. "ಸಾಹುಕಾರ್ರ, ಸಕ್ರಿ ಎರಡು ಚೀಲ, ತೊಗರಿ ಬ್ಯಾಳಿ ಒಂದು, ಎಣ್ಣಿ ಹೋದ ಸಲದ್ದ ಕಳಸ್ರಿ." ಒಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ, ಇನ್ನೊಬ್ಬರು ಚೀಟಿಯ ಫೋಟೊ ಹಾಕುತ್ತಾರೆ, ಮತ್ತೊಬ್ಬರು ಬಸ್ಸಿನ ಗದ್ದಲದೊಳಗಿಂದಲೇ ವಾಯ್ಸ್ ಮೆಸೇಜ್ ಬಿಡುತ್ತಾರೆ. ಗುಮಾಸ್ತರು ಒಂದೊಂದನ್ನೇ ಓದಿ, ಕೇಳಿ, ಕಂಪ್ಯೂಟರಿಗೆ ಏರಿಸಬೇಕು. ಬಿಲ್ಲು ಆಮೇಲಿನ ಮಾತು.

ಬಿಲ್ಲಿನ ಕೆಲಸ ಯಂತ್ರದ ಪಾಲಾಗಿ ಬಹಳ ವರ್ಷಗಳಾದವು. ಬೆಂಗಳೂರಿನ ಟ್ಯಾಲಿ ಕಂಪನಿ ಶುರುವಾದದ್ದು 1986ರಲ್ಲಿ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರಿಗೆ ದರ, ಪ್ರಮಾಣ, ತೆರಿಗೆ ಕೊಟ್ಟರೆ ಮೊತ್ತ ಬರುತ್ತದೆ. ಇವತ್ತು ಕೊಟ್ಟರೂ ನಾಳೆ ಕೊಟ್ಟರೂ ಅದೇ ಮೊತ್ತ. ಆದರೆ ಅದರ ಹಿಂದಿನ ಮೆಟ್ಟಿಲು, ಅಂದರೆ ಗಿರಾಕಿಯ ಮಾತನ್ನು ಅಂಕಣಗಳಿಗೆ ಇಳಿಸುವ ಕೆಲಸ, ಮನುಷ್ಯರ ಬಳಿಯೇ ಉಳಿಯಿತು. "ಹೋದ ಸಲದ್ದ" ಎಂಬುದಕ್ಕೆ ಸೂತ್ರ ಬರೆಯುವುದು ಹೇಗೆ? ಸಣ್ಣ ವ್ಯಾಪಾರಕ್ಕೆ ಎಐ ನಿಜವಾಗಿ ಒದಗುವುದು ಈ ಸಂದಿನಲ್ಲಿ. "ನಿಮ್ಮ ಇಡೀ ಅಂಗಡಿಯನ್ನೇ ಎಐ ನಡೆಸುತ್ತದೆ" ಎನ್ನುವ ಮಾರಾಟಗಾರರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಇಂದಿನ ಭಾಷಾ ಮಾದರಿಗಳ ತಳಹದಿ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸ. 2017ರಲ್ಲಿ ಗೂಗಲ್‌ನ ಸಂಶೋಧಕರು ಅದನ್ನು ಪ್ರಕಟಿಸಿದರು. ಮಾದರಿಯು ವಾಕ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿಗೂ ಉಳಿದ ತುಣುಕುಗಳಿಗೂ ಎಷ್ಟು ನಂಟು ಎಂದು ಅಂಕಿಗಳಲ್ಲಿ ತೂಗುತ್ತದೆ. ಮೇಲಿನ ಸಂದೇಶದಲ್ಲಿ "ಎರಡು" ಸೇರಬೇಕಾದ್ದು ಸಕ್ಕರೆಗೋ ಬೇಳೆಗೋ ಎಂಬುದು ತಿಳಿಯುವುದು ಈ ತೂಗಾಟದಿಂದ. ಆಮೇಲೆ ಅದು ಮಾಡುವುದು ಒಂದೇ: ಮುಂದೆ ಯಾವ ತುಣುಕು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ಒಂದನ್ನು ಇಡುವುದು, ಮತ್ತೆ ಲೆಕ್ಕ, ಮತ್ತೊಂದು. ಟ್ಯಾಲಿಯ ಮೊತ್ತ ಗಣಿತದ ಉತ್ತರ; ಭಾಷಾ ಮಾದರಿಯದು ಸಂಭವನೀಯತೆಯ ಉತ್ತರ. ಇವೆರಡನ್ನು ಕಲಸಿಬಿಟ್ಟರೆ ಮುಂದಿನ ಎಲ್ಲ ತೊಂದರೆಯೂ ಅಲ್ಲಿಂದಲೇ ಹುಟ್ಟುತ್ತದೆ.

"ಹೋದ ಸಲದ್ದ" ಎಂಬಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೋದ ಸಲ ಆ ಗಿರಾಕಿ ಒಯ್ದದ್ದು ಸೂರ್ಯಕಾಂತಿ ಎಣ್ಣೆಯೋ ಪಾಮ್ ಎಣ್ಣೆಯೋ ಎಂಬುದು ನಿಮ್ಮ ಖಾತೆಯಲ್ಲಿದೆ, ಮಾದರಿಯ ಹೊಟ್ಟೆಯಲ್ಲಿಲ್ಲ. ಕೇಳಿದರೆ ಅದು ಹಿಂಜರಿಯದೆ ಒಂದು ಎಣ್ಣೆಯ ಹೆಸರು ಬರೆದುಬಿಡಬಹುದು. ಅದಕ್ಕೆ ಸುಳ್ಳು ಹೇಳುವ ಉದ್ದೇಶವೇನೂ ಇಲ್ಲ. ಆ ಜಾಗದಲ್ಲಿ ಬರಬಹುದಾದ ಪದವೊಂದನ್ನು ಇಟ್ಟಿತು, ಅಷ್ಟೆ. ಆದ್ದರಿಂದ ಸಂದೇಶದ ಜೊತೆಗೇ ಆ ಗಿರಾಕಿಯ ಹಿಂದಿನ ಬಿಲ್ಲನ್ನೂ ಅಂಗಡಿಯ ವಸ್ತುಗಳ ಪಟ್ಟಿಯನ್ನೂ ಕೊಟ್ಟು, "ಈ ಪಟ್ಟಿಯಲ್ಲಿರುವುದನ್ನೇ ಆರಿಸು, ತಿಳಿಯದಿದ್ದರೆ ಖಾಲಿ ಬಿಡು" ಎಂದು ಹೇಳಬೇಕು. ಊಹೆಗೆ ಜಾಗ ಇಲ್ಲದಂತೆ ಮಾಡಿದಷ್ಟೂ ಊಹೆ ಕಡಿಮೆ. ಪೂರ್ತಿ ನಿಲ್ಲುತ್ತದೆ ಎಂದಲ್ಲ.

ಕನ್ನಡಕ್ಕೆ ಒಂದು ಹೆಚ್ಚಿನ ಖರ್ಚೂ ಇದೆ. ಕಂಪ್ಯೂಟರಿನ ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ 3 ಬೇಕು. "ಸಕ್ಕರೆ" ಎಂಬುದು ಅರ್ಧಾಕ್ಷರ, ಎತ್ವ ಎಲ್ಲ ಸೇರಿ 6 ಚಿಹ್ನೆ, 18 ಬೈಟ್; ಅದಕ್ಕೆ ಇಂಗ್ಲಿಷಿನಲ್ಲಿರುವ ಪದ 5 ಬೈಟ್‌ನಲ್ಲಿ ಮುಗಿಯುತ್ತದೆ. ತರಬೇತಿಯಲ್ಲಿ ಹೆಚ್ಚು ಕಂಡ ಅಕ್ಷರಗುಚ್ಛಗಳು ಒಂದೇ ಟೋಕನ್ನಾಗಿ ಬೆಸೆದುಕೊಳ್ಳುತ್ತವೆ. ಕನ್ನಡದ ಪಠ್ಯ ಕಡಿಮೆಯಾದ್ದರಿಂದ ನಮ್ಮ ಪದಗಳು ಹೆಚ್ಚು ಚೂರುಗಳಾಗುತ್ತವೆ, ಮತ್ತು ಮಾದರಿಗಳನ್ನು ಒದಗಿಸುವ ಸೇವೆಗಳ ದರ ಸಾಮಾನ್ಯವಾಗಿ ಟೋಕನ್ ಲೆಕ್ಕದ್ದು. ಹೊಸ ಮಾದರಿಗಳಲ್ಲಿ ಈ ಅಂತರ ತಗ್ಗುತ್ತಿದೆ. ಧ್ವನಿಯ ತೊಡಕು ಬೇರೆಯದೇ. ಪುಸ್ತಕದ ಕನ್ನಡ ಕೇಳಿ ಪಳಗಿದ ಯಂತ್ರಕ್ಕೆ "ದೀಡ ಚೀಲ" ಅಂದರೆ ಒಂದೂವರೆ, "ಅಡೀಚ ಕಿಲೋ" ಅಂದರೆ ಎರಡೂವರೆ ಎಂಬುದು ಗೊತ್ತಿರಬೇಕಲ್ಲ! ನಿಮ್ಮ ಪೇಟೆಯ ಇಂಥ ಮಾತುಗಳ ಒಂದು ಪುಟದ ಪಟ್ಟಿ ಬರೆದು ಮಾದರಿಗೆ ಕೊಡುವುದು ದುಬಾರಿ ಸಾಫ್ಟ್‌ವೇರಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ಒಂದು ಸರಳ ಗುಣಾಕಾರ. ಸಂದೇಶ ಓದುವುದು, ವಸ್ತು ಗುರುತಿಸುವುದು, ದಾಸ್ತಾನು ನೋಡುವುದು, ಬಿಲ್ ಮಾಡುವುದು, ಗಿರಾಕಿಗೆ ಉತ್ತರಿಸುವುದು, ಹೀಗೆ ಐದು ಹಂತಗಳನ್ನೂ ಎಐಗೇ ಒಪ್ಪಿಸಿದಿರಿ ಎನ್ನಿ. ಪ್ರತಿ ಹಂತವೂ ನೂರಕ್ಕೆ 95 ಸಲ ಸರಿ. ಕೇಳಲು ಚೆನ್ನಾಗಿಯೇ ಇದೆ. ಆದರೆ ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲದಿದ್ದರೆ, ಐದೂ ಸರಿಯಾಗಿ ಮುಗಿಯುವುದು 0.95ನ್ನು ಐದು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 77. ಹತ್ತು ಹಂತವಾದರೆ 60. ಸರಪಳಿ ಉದ್ದವಾದಷ್ಟೂ ಸೋರಿಕೆ. ದಾಸ್ತಾನಿಗೂ ಬಿಲ್ಲಿಗೂ ಹಳೆಯ ಸೂತ್ರದ ಸಾಫ್ಟ್‌ವೇರ್ ಇರುವಾಗ ಅಲ್ಲಿ ಸಂಭವನೀಯತೆಯನ್ನು ತಂದು ಕೂರಿಸುವುದೇಕೆ? ಓದುವ ಒಂದು ಹಂತವನ್ನಷ್ಟೇ ಮಾದರಿಗೆ ಕೊಟ್ಟು, ಉಳಿದದ್ದನ್ನು ಸೂತ್ರಕ್ಕೆ ಬಿಡುವುದು ಜಾಣತನ.

ಸೂತ್ರದ ಇನ್ನೊಂದು ಉಪಯೋಗ ಮಾದರಿಯ ತಪ್ಪು ಹಿಡಿಯುವುದು. ಖರೀದಿ ಬಿಲ್ಲುಗಳ ಫೋಟೊದಿಂದ ಜಿಎಸ್‌ಟಿ ಸಂಖ್ಯೆ ಓದಿಸುತ್ತೀರಿ ಎನ್ನಿ. ಅದು 15 ಅಕ್ಷರಗಳದು: ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್, ಕೊನೆಯದು ತಾಳೆಯ ಅಕ್ಷರ. ಮೊದಲ 14 ಅಕ್ಷರಗಳಿಗೆ ಬೆಲೆ ಕಟ್ಟಿ, ಒಂದು ಬಿಟ್ಟು ಒಂದನ್ನು ಇಮ್ಮಡಿಸಿ, 36ರಿಂದ ಭಾಗಿಸಿ ಮಾಡುವ ಲೆಕ್ಕದಿಂದ ಆ 15ನೆಯದು ಹುಟ್ಟುತ್ತದೆ. ಎಲ್ಲೋ ಒಂದು 8 ಇಂಗ್ಲಿಷಿನ ಬಿ ಆಗಿ ಓದಿಸಿಕೊಂಡರೂ ಲೆಕ್ಕ ಕೂಡುವುದಿಲ್ಲ, ಸಿಕ್ಕಿಬೀಳುತ್ತದೆ. ಆರ್ಡರಿಗೂ ಇಂಥದೇ ಕಾವಲು ಹಾಕಬಹುದು: ಸದಾ ಎರಡು ಚೀಲ ಸಕ್ಕರೆ ಒಯ್ಯುವವರ ಹೆಸರಿನಲ್ಲಿ 20 ಎಂದು ಬಂದರೆ ಅಲ್ಲಿಗೇ ನಿಲ್ಲು. "ನಿನಗೆ ಖಾತ್ರಿಯೇ?" ಎಂದು ಮಾದರಿಯನ್ನೇ ಕೇಳುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಆ ಉತ್ತರವೂ ಅದೇ ಊಹೆಯ ಯಂತ್ರದಿಂದ ಬರುವಂಥದು.

ಹಾಗಾದರೆ ಎಲ್ಲವನ್ನೂ ಒಬ್ಬ ಮನುಷ್ಯ ನೋಡಲಿ ಎನ್ನಬಹುದು. ಅಲ್ಲೂ ಒಂದು ತೊಡಕಿದೆ. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆ ಕಾಯುವವರು ಸುಳಿವುಗಳನ್ನು ಯಾಕೆ ಗಮನಿಸದೆ ಬಿಡುತ್ತಾರೆಂದು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷಿಸಿದರು. ಒಂದೇ ಸಮ ಓಡುವ ಗಡಿಯಾರದ ಮುಳ್ಳು ಅಪರೂಪಕ್ಕೊಮ್ಮೆ ಎರಡು ಮನೆ ಜಿಗಿಯುತ್ತಿತ್ತು; ನೋಡುವವರು ಅದನ್ನು ಗುರುತಿಸಬೇಕು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಅವರ ಎಚ್ಚರ ಕುಸಿಯಿತು. ಅವರದೇ ದೇಶದ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಯಾಂತ್ರೀಕರಣದ ವಿಪರ್ಯಾಸಗಳ ಬಗ್ಗೆ ಬರೆದ ಪ್ರಬಂಧ ಇದನ್ನು ಮುಂದಕ್ಕೆ ಒಯ್ಯಿತು: ಯಂತ್ರ ಸುಲಭದ ಕೆಲಸವನ್ನು ಒಯ್ದು ಕಷ್ಟದ್ದನ್ನು ಮನುಷ್ಯರಿಗೆ ಬಿಡುತ್ತದೆ, ಆ ಕಷ್ಟದ ಕೆಲಸಕ್ಕೆ ಬೇಕಾದ ರೂಢಿಯನ್ನೂ ಒಯ್ಯುತ್ತದೆ. ನೂರು ಸರಿಯಾದ ಆರ್ಡರುಗಳಿಗೆ ಒಪ್ಪಿಗೆ ಒತ್ತಿದ ಗುಮಾಸ್ತರು ನೂರೊಂದನೆಯದನ್ನೂ ಓದದೆ ಒತ್ತುತ್ತಾರೆ. ಬೈದು ಪ್ರಯೋಜನವಿಲ್ಲ. ಸೂತ್ರಕ್ಕೆ ತಾಳೆಯಾಗದ ಹತ್ತನ್ನು ಮಾತ್ರ ಅವರ ಮುಂದಿಡಿ, ಮೂಲ ಸಂದೇಶವನ್ನೂ ಪಕ್ಕದಲ್ಲೇ ತೋರಿಸಿ.

ಗಿರಾಕಿಗೆ ನೇರವಾಗಿ ಉತ್ತರಿಸುವ ಚಾಟ್‌ಬಾಟನ್ನು ನಾನು ಕೊನೆಗೆ ಇಡುತ್ತೇನೆ. ಏರ್ ಕೆನಡಾದ ಚಾಟ್‌ಬಾಟು ಅಜ್ಜಿ ತೀರಿಕೊಂಡ ಪ್ರಯಾಣಿಕರೊಬ್ಬರಿಗೆ, ಪೂರ್ಣ ದರದ ಟಿಕೆಟ್ ತೆಗೆದುಕೊಂಡು ಆಮೇಲೆ ರಿಯಾಯಿತಿ ಕೇಳಬಹುದು ಎಂದು ಹೇಳಿತ್ತು. ಕಂಪನಿಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟಿನ ಮಾತಿಗೆ ಚಾಟ್‌ಬಾಟೇ ಹೊಣೆ ಎಂಬ ಅರ್ಥದ ವಾದವನ್ನು ಕಂಪನಿ ಹೂಡಿತು; ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ, ಪರಿಹಾರ ಕೊಡಿಸಿತು. ನಮ್ಮ ಪೇಟೆಯಲ್ಲಿ ನ್ಯಾಯಮಂಡಳಿಯವರೆಗೆ ಯಾರೂ ಹೋಗಲಿಕ್ಕಿಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾರೆ.

ಶುರು ಮಾಡುವವರಿಗೆ ಒಂದು ಅನುಕೂಲ ಈಗಾಗಲೇ ಕೈಯಲ್ಲಿದೆ. ಹಳೆಯ ನೂರು ಸಂದೇಶಗಳು ಫೋನಿನಲ್ಲಿವೆ, ಅವಕ್ಕೆ ಆದ ಸರಿಯಾದ ಬಿಲ್ಲುಗಳು ಟ್ಯಾಲಿಯಲ್ಲಿವೆ. ಪ್ರಶ್ನೆಪತ್ರಿಕೆಯೂ ಉತ್ತರಪತ್ರಿಕೆಯೂ ನಿಮ್ಮದೇ. ಗಿರಾಕಿಯ ಹೆಸರು, ನಂಬರು ತೆಗೆದು ಬರೀ ಒಂದು ಸಂಕೇತ ಹಾಕಿ ಮಾದರಿಗೆ ಕೊಡಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಎಂಬುದು ಒಂದು ಕಾರಣ, ಯಾರ ಉದ್ರಿ ಎಷ್ಟು ಎಂಬುದು ಪೇಟೆಯ ಗುಟ್ಟು ಎಂಬುದು ಇನ್ನೊಂದು. ಆಮೇಲೆ ತಪ್ಪು ಎಷ್ಟು ಎಂದು ಎಣಿಸುವುದರ ಜೊತೆಗೆ ಎಂಥ ತಪ್ಪು ಎಂದು ನೋಡಿ. ಕಾಗುಣಿತ ತಪ್ಪಿದರೆ ನಷ್ಟವಿಲ್ಲ, ಚೀಲದ ಲೆಕ್ಕ ತಪ್ಪಿದರೆ ಗಾಡಿ ಬಾಡಿಗೆ ಸುಮ್ಮನೆ ಹೋಗುತ್ತದೆ. ದಿನಕ್ಕೆ 40 ಸಂದೇಶ, ಒಂದಕ್ಕೆ 3 ನಿಮಿಷ ಎಂದರೆ 2 ಗಂಟೆಯ ಕೆಲಸ. ಇಲ್ಲಿ ಪ್ರಯತ್ನಕ್ಕೆ ಅರ್ಥವಿದೆ. ದಿನಕ್ಕೆ ಎಂಟೇ ಬರುವುದಾದರೆ ಇದೆಲ್ಲ ಬೇಡ, ಗುಮಾಸ್ತರೇ ಸಾಕು.

ಮೊದಲ ಒಂದೆರಡು ತಿಂಗಳು ವಾಟ್ಸ್‌ಆ್ಯಪನ್ನು ಯಾವುದಕ್ಕೂ ಜೋಡಿಸದೆ, ಸಂದೇಶವನ್ನು ಕೈಯಿಂದಲೇ ನಕಲು ಮಾಡಿ ಹಾಕಿದರೂ ಫಲ ತಿಳಿಯುತ್ತದೆ. ಜೋಡಿಸುವ ಹೊತ್ತು ಬಂದಾಗ ಕಂಪನಿಯ ಅಧಿಕೃತ ಬಿಸಿನೆಸ್ ವ್ಯವಸ್ಥೆಯ ಮೂಲಕವೇ ಹೋಗಿ. ಅಗ್ಗಕ್ಕೆ ಸಿಗುವ ಅನಧಿಕೃತ ಉಪಕರಣ ಬಳಸಿದವರ ನಂಬರನ್ನು ವಾಟ್ಸ್‌ಆ್ಯಪ್ ಬಂದ್ ಮಾಡುವುದುಂಟು, ಮತ್ತು ಸುತ್ತಲಿನ ಹಳ್ಳಿಗಳ ಅಂಗಡಿಕಾರರೆಲ್ಲರ ಫೋನಿನಲ್ಲಿ ಇರುವುದು ಅದೊಂದೇ ನಂಬರು.