ಗಾಲಿಕುರ್ಚಿ ರಗ್ಬಿಗೂ ಬೇಕು ಒಬ್ಬ ಭಾಗವತ

ಸಾಂಗ್ಲಿ-ಮೀರಜ್ ಎಂದೊಡನೆ ಅರಸಿನದ ಪೇಟೆ, ಸಿತಾರು ನೆನಪಾಗುವುದು ಸಹಜ. ಯಕ್ಷಗಾನ ಬಲ್ಲ ನಮಗೆ ಇನ್ನೊಂದು ನಂಟೂ ಉಂಟು. ಕರ್ಕಿಯ ಮೇಳದವರು ಸಾಂಗ್ಲಿಯಲ್ಲಿ ಆಡಿದ ಆಟವನ್ನು ಕಂಡ ಬಳಿಕವೇ ಅಲ್ಲಿನ ಅರಸರು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ 'ಸೀತಾಸ್ವಯಂವರ' ಎಂಬ ಮರಾಠಿ ನಾಟಕವನ್ನು ಆಡಿಸಿದರು. ಅದೇ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ನಮ್ಮಂತೆಯೇ ಗಡಿಯಾಚೆ ಉಳಿದವು.

ಆ ಜಿಲ್ಲೆಯ ಇಸ್ಲಾಂಪುರ ಪೇಟದಲ್ಲಿ 1944ರಲ್ಲಿ ಹುಟ್ಟಿದವರು ಮುರಳೀಕಾಂತ ಪೇಟ್ಕರ್. ಸೇನೆಯಲ್ಲಿದ್ದ ಅವರಿಗೆ 1965ರ ಯುದ್ಧದಲ್ಲಿ ಗುಂಡೇಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಚಿಕಿತ್ಸೆಗೆಂದು ನೀರಿಗಿಳಿದವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಪದ್ಮಶ್ರೀ ಬಂದದ್ದು ಮಾತ್ರ 2018ರಲ್ಲಿ!

ಕಾಲುಗಳ ಬಲ ಹೋದರೂ ಪೇಟ್ಕರರಿಗೆ ತೋಳಿನ ಬಲವಿತ್ತು. ಕೈಕಾಲು ಎರಡರಲ್ಲೂ ಬಲ ಕುಂದಿದವರ ಗತಿಯೇನು? ಅಂಥವರಿಗಾಗಿಯೇ 1970ರ ದಶಕದಲ್ಲಿ ಕೆನಡಾದ ವಿನ್ನಿಪೆಗ್ ನಗರದಲ್ಲಿ ಹುಟ್ಟಿದ ಆಟ ಗಾಲಿಕುರ್ಚಿ ರಗ್ಬಿ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸಿನಲ್ಲಿ ಅದಕ್ಕೆ ಪದಕದ ಮನ್ನಣೆ ದೊರೆಯಿತು.

ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಒಂದೊಂದು ಪಕ್ಷಕ್ಕೆ ನಾಲ್ವರು. ಹೆಂಗಸರೂ ಗಂಡಸರೂ ಕೂಡಿ ಆಡಬಹುದು. ಎಂಟೆಂಟು ನಿಮಿಷದ ನಾಲ್ಕು ಸುತ್ತು. ದೇಹಶಕ್ತಿಗೆ ತಕ್ಕಂತೆ ಪ್ರತಿ ಆಟಗಾರನಿಗೆ 0.5ರಿಂದ 3.5ರವರೆಗೆ ಅಂಕ, ನಾಲ್ವರದ್ದೂ ಸೇರಿ ಸಾಮಾನ್ಯವಾಗಿ ಎಂಟನ್ನು ಮೀರಬಾರದು. ಹೀಗಾಗಿ ತೀರಾ ಬಲಹೀನನಿಗೂ ತಂಡದಲ್ಲಿ ಸ್ಥಾನ ತಪ್ಪುವುದಿಲ್ಲ. ಚೆಂಡು ಹಿಡಿದು ಎರಡು ಗಾಲಿ ಗಡಿಗೆರೆ ದಾಟಿದರೆ ಗೋಲು.

ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆಯುವುದು ಇಲ್ಲಿ ತಪ್ಪಲ್ಲ. ಆದರೆ ಎದುರಾಳಿಯ ಹಿಂಗಾಲಿಯ ಅಚ್ಚಿನ ಹಿಂದಕ್ಕೆ ಗುದ್ದಿ ಕುರ್ಚಿಯನ್ನು ಗಿರ್ರನೆ ತಿರುಗಿಸಿದರೆ ತಪ್ಪು. ಇದರ ವ್ಯತ್ಯಾಸವನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ಗುರುತಿಸಬೇಕಾದವನೇ ರೆಫರಿ. ಹತ್ತು ಸೆಕೆಂಡಿಗೊಮ್ಮೆ ಚೆಂಡು ಪುಟಿಯಿತೇ, ಹನ್ನೆರಡರೊಳಗೆ ನಡುಗೆರೆ ದಾಟಿತೇ, ನಲವತ್ತರೊಳಗೆ ಗೋಲಾಯಿತೇ, ಗೋಲಿನ ಮುಂದಣ ಆವರಣದಲ್ಲಿ ರಕ್ಷಕರು ಮೂವರೇ ಇದ್ದಾರೆಯೇ — ಎಲ್ಲವೂ ಅವನ ಗಮನದಲ್ಲಿರಬೇಕು. ರಂಗಸ್ಥಳದಲ್ಲಿ ಭಾಗವತನಿಗಿರುವ ಹೊಣೆಯೇ ಇದು: ತಾನು ಕುಣಿಯುವವನಲ್ಲ, ಆದರೆ ಅವನ ತಾಳ ತಪ್ಪಿದರೆ ಆಟ ಕೆಟ್ಟಿತು.

ಭಾಗವತನಂತೆ ಇವನೂ ಒಮ್ಮೆಗೇ ಪೀಠಕ್ಕೇರಲಾರ. ನಿಯಮಗಳನ್ನು ಬಾಯಿಪಾಠದಷ್ಟು ಬಲ್ಲವನಾಗಬೇಕು. ಮೇಜಿನ ಬಳಿ ಕುಳಿತು ಗಡಿಯಾರ, ಅಂಕಪಟ್ಟಿ ನೋಡಿಕೊಳ್ಳುವ ಕೆಲಸ ಒಳ್ಳೆಯ ಮೊದಲ ಪಾಠ. ಆಮೇಲೆ ಅಭ್ಯಾಸ ಪಂದ್ಯಗಳಲ್ಲಿ ಹಿರಿಯರ ಜೊತೆ ಸೀಟಿ ಊದಬೇಕು. ನಿಜವಾದ ಪಂದ್ಯದಲ್ಲಿ ಅವನ ತೀರ್ಪು, ನಿಲ್ಲುವ ಜಾಗ, ಕೈಸನ್ನೆ ಎಲ್ಲವನ್ನೂ ಬಲ್ಲವರು ಒರೆಗೆ ಹಚ್ಚಬೇಕು. ಒಂದು ಮಾತು ವಿಶೇಷವಾಗಿ ಕಲಿಯತಕ್ಕದ್ದು: ಮರುಕದಿಂದ ತಪ್ಪನ್ನು ಮನ್ನಿಸಕೂಡದು. ಕನಿಕರ ತೋರಿದರೆ ಆಟಗಾರನನ್ನು ಮತ್ತೆ ರೋಗಿಯಾಗಿ ಕಂಡಂತಾಯಿತು.

ಇದೆಲ್ಲ ನಮಗೇಕೆ ಎನ್ನುವವರು ಎಣ್ಮಕಜೆಯ ಮನೆಗಳತ್ತ ಒಮ್ಮೆ ನೋಡಬೇಕು. ಗೇರುತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ನೋವು ಆ ಮನೆಗಳಿಗೆ ಗೊತ್ತು. ಸುಪ್ರೀಂ ಕೋರ್ಟು 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಆಜ್ಞಾಪಿಸಿತು. ಪರಿಹಾರ ಬೇಕು, ಔಷಧ ಬೇಕು, ಸರಿ. ಆಟ ಬೇಡವೇ?

ಎಲ್ಲ ಮಕ್ಕಳಿಗೂ ಈ ಆಟ ಒಗ್ಗದು. ವೈದ್ಯರ ಮಾತು ಕೇಳಿಯೇ ಮುಂದುವರಿಯಬೇಕು. ಆದರೆ ಆಡಬಲ್ಲವರೂ ಮನೆಯ ಜಗಲಿಯಲ್ಲೇ ಉಳಿದಿರುವುದು ನ್ಯಾಯವಲ್ಲ. ರೆಫರಿಯಾಗಲು ಗಾಲಿಕುರ್ಚಿ ಬೇಕಿಲ್ಲ. ಓಡಾಡುವ ಕಾಲು, ಚುರುಕು ಕಣ್ಣು, ಹಟ ಸಾಕು. ನಮ್ಮ ಕನ್ನಡ ಶಾಲೆಗಳ ವ್ಯಾಯಾಮ ಶಿಕ್ಷಕರಲ್ಲಿ ಒಬ್ಬಿಬ್ಬರಾದರೂ ಈ ವಿದ್ಯೆ ಕಲಿತು ಮಕ್ಕಳಿಗೆ ಮನೆಮಾತಿನಲ್ಲೇ ಹೇಳಿಕೊಟ್ಟರೆ ಅದೊಂದು ದೊಡ್ಡ ಉಪಕಾರ.